ಸೇತುವೆಯ ಮೇಲೆ ಕಡಿಯದ ಕರೆ

ಮೊಬೈಲ್ ಟವರುಗಳ ವಿಷಯ ಬರೆಯಲು ನಾನು ಕೂತಿರುವುದೇ ಒಂದು ಅಧಿಕಪ್ರಸಂಗ. ಸಂಜೆ ಕಾಲೇಜಿನಲ್ಲಿ, ಹಗಲೆಲ್ಲ ದುಡಿದು ದಣಿದ ಕಣ್ಣುಗಳಿಂದ ಕಾನೂನು ಓದಿದವನು ನಾನು. ಇಂಜಿನಿಯರುಗಳು ಇದನ್ನು ಓದಿದರೆ ತಪ್ಪು ಹುಡುಕಿಯೇ ಹುಡುಕುತ್ತಾರೆ. ಅವರ ಕ್ಷಮೆಯನ್ನು ಈಗಲೇ ಕೇಳಿಬಿಡುತ್ತೇನೆ. ಆದರೆ ಅಂದು ಫೋನು ಹಿಡಿದು ಸೂರತ್ತಿನಲ್ಲಿ ತಾಪಿ ನದಿಯ ಸೇತುವೆಯ ಮೇಲೆ ನಡೆದವನು ನಾನು. ಹೇಳದೆ ಬಿಟ್ಟರೂ ಅದು ತಪ್ಪೇ ಆಗುತ್ತದೆ ಎಂದು ಅನ್ನಿಸಿ ಬರೆಯುತ್ತಿದ್ದೇನೆ.

"ಬಾಲಕೃಷ್ಣ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಮೇಡಂ."

"ಹಾಗಾದ್ರೆ ಇನ್ನು ಮಾತಾಡಬೇಡಿ. ಸುಮ್ಮನೆ ನಡೀರಿ. ಏನೇ ಆದ್ರೂ ಫೋನ್ ಇಡಬೇಡಿ."

ಮನಸ್ವಿನಿ ಮೇಡಂ ಮಾತಾಡುತ್ತಿದ್ದುದು ವಡೋದರಾದಿಂದ. ಅಹಮದಾಬಾದಿನ ಮಣಿನಗರದಲ್ಲಿ ಅವರದೊಂದು ಪುಟ್ಟ ಪತ್ತೇದಾರಿ ಕಚೇರಿ ಇದೆ. ನಾನು ಅಲ್ಲಿನ ಸಹಾಯಕ. ಅವರ ತಂದೆ ಬಾಹ್ಯಾಕಾಶ ಸಂಶೋಧನೆಯ ಕೆಲಸಕ್ಕೆಂದು ಮೈಸೂರು ಬಿಟ್ಟು ಬಂದವರು. ಯಂತ್ರಗಳ ಮುಂದೆ ಮೇಡಂಗೆ ಹೆದರಿಕೆ ಎಂಬುದಿಲ್ಲ. ಅದು ನನ್ನ ಪಾಲಿಗೆ ಬಂದಿದೆ.

ಹಿಂದಿನ ಕಥೆ ಇಷ್ಟೇ: ಸೂರತ್ತಿನ ವರಾಛಾದ ಒಂದು ವಜ್ರದ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಹರಳುಗಳ ಪೊಟ್ಟಣವೊಂದು ಕಾಣೆಯಾಗಿತ್ತು, ಅಲ್ಲಿಗೆ ಊಟದ ಡಬ್ಬಿ ಕೊಂಡೊಯ್ದಿದ್ದ ಪ್ರಜ್ವಲ್ ಲಾಕಪ್ಪಿನಲ್ಲಿದ್ದ.

ಮರುದಿನ ಅವನ ಜಾಮೀನಿನ ವಿಚಾರಣೆ. ಅವನ ಪರವಾಗಿ ನಮ್ಮ ಕೈಯಲ್ಲಿದ್ದದ್ದು ಅವನ ಮಾತೊಂದೇ. "ಡಬ್ಬಿ ಕೊಟ್ಟು ಸೇತುವೆ ದಾಟಿದ್ದೆ. ಆಚೆ ದಡದಲ್ಲಿ ಕಬ್ಬಿನ ಹಾಲು ಕುಡೀತಿರುವಾಗ ಮಾವ ಫೋನ್ ಮಾಡಿದ್ರು. ಹಾಗಿರುವಾಗ ನಾನು ಕಾರ್ಖಾನೆಯಲ್ಲಿ ಇರೋದು ಹೇಗೆ?"

ಅವನ ವಿರುದ್ಧ ಇದ್ದದ್ದು ಮೊಬೈಲ್ ಕಂಪನಿಯ ವರದಿ. ಮಾವನ ಆ ಕರೆ ಬಂದಾಗ ಪ್ರಜ್ವಲನ ಫೋನು ಇದ್ದದ್ದು ವರಾಛಾದ ಟವರಿನಲ್ಲಿ, ಕಾರ್ಖಾನೆಯಿಂದ ಕಲ್ಲೆಸೆತದ ದೂರದಲ್ಲಿ. ಪೊಟ್ಟಣ ಹೋದದ್ದೂ ಅದೇ ಹೊತ್ತಿನಲ್ಲಿ. ಮನುಷ್ಯ ಸುಳ್ಳು ಹೇಳಬಹುದು, ಟವರು ಹೇಳುತ್ತದೆಯೇ? ಎಲ್ಲರೂ ಹಾಗೆಯೇ ಅಂದರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನ್ನ ಪಕ್ಕದಲ್ಲಿ ಪ್ರಜ್ವಲನ ಆ ಸೋದರಮಾವ ನಡೆಯುತ್ತಿದ್ದರು. ಗಣಪತಿ ರಾಯರು. ತಾಪಿಯ ಪಶ್ಚಿಮಕ್ಕೆ ಅಡಾಜಣ್‌ನಲ್ಲಿ ಅವರ ಉಡುಪಿ ಹೋಟೆಲು. ಅಹಮದಾಬಾದಿನವರೆಗೆ ರೈಲು ಹತ್ತಿ ಬಂದು, ಅಳಿಯನನ್ನು ಬಿಡಿಸಿಕೊಡಿ ಎಂದು ಮೇಡಂ ಎದುರು ಕೈಮುಗಿದು ನಿಂತವರು.

"ಎಂತದು ಮಾರಾಯ್ರೆ, ನಿಮ್ಮ ಕೈ ನಡುಗ್ತಾ ಉಂಟಲ್ಲ?" ಎಂದರು ರಾಯರು.

"ಗಾಳಿ ರಾಯರೇ."

"ಗಾಳಿ ನಂಗೂ ಉಂಟು. ನಡುಗುದು ನಿಮ್ಮ ಕೈ ಮಾತ್ರ."

ನಾನು ಫೋನಿನ ಸ್ಪೀಕರ್ ಹಾಕಿ ಎದೆಯ ಎತ್ತರಕ್ಕೆ ಹಿಡಿದುಕೊಂಡಿದ್ದೆ. ವಡೋದರಾದಲ್ಲಿ, ಮೊಬೈಲ್ ಕಂಪನಿಯ ಕಚೇರಿಯಲ್ಲಿ, ಮೇಡಂ ಕೂಡ ತಮ್ಮ ಫೋನನ್ನು ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟಿದ್ದರು. ಎದುರಿಗೆ ತರಂಗಸೇತು ಟೆಲಿಕಾಂ ಕಂಪನಿಯ ಹಿರಿಯ ಇಂಜಿನಿಯರ್ ಸಿದ್ದಲಿಂಗಪ್ಪನವರು. ಪಕ್ಕದಲ್ಲಿ, ಪ್ರಕರಣದ ತನಿಖೆ ಮಾಡುತ್ತಿದ್ದ ಇನ್‌ಸ್ಪೆಕ್ಟರ್ ಗೋಹಿಲ್. "ನಾಳೆ ಜಾಮೀನಿಗೆ ಅಡ್ಡ ನಿಲ್ಲುವ ಮೊದಲು ಒಂದು ಸಲ ಬಂದು ನೋಡಿ" ಎಂದು ಮೇಡಂ ಅವರನ್ನು ಹೇಗೋ ಒಪ್ಪಿಸಿ ಕರೆದೊಯ್ದಿದ್ದರು.

ಸಿದ್ದಲಿಂಗಪ್ಪನವರ ಧಾರವಾಡದ ದನಿ ನನ್ನ ಅಂಗೈಯಲ್ಲಿ ಕೇಳುತ್ತಿತ್ತು.

"ನೀವು ಕೇಳಿದ ಆ ಹೊಸಾ ವ್ಯವಸ್ಥಾ ಇನ್ನೂ ಚಾಲೂನ ಆಗಿಲ್ರಿ ಮೇಡಂ. ಟವರ್‌ಗೋಳನ್ನ ಕೂಡ್ಸೂದು, ಗುಂಪು ಮಾಡೂದು, ಎಲ್ಲಾ ಬರೇ ಕಾಗದದ ಮ್ಯಾಲ ಐತಿ."

"ಹಾಗಾದ್ರೆ ಸೇತುವೆ ನಡುವೆ ಈಗಲೂ ಕರೆ ಕಡಿಯುತ್ತಾ?"

"ಕಡಿತೈತ್ರಿ. ಆ ಜಾಗಾನ ಹಂಗ. ಈ ದಂಡಿ ಸಿಗ್ನಲ್ಲು, ಆ ದಂಡಿ ಸಿಗ್ನಲ್ಲು ನಟ್ಟನಡುವ ಬಡದಾಡ್ತಾವ. ಫೋನು ಯಾರ ಮಾತು ಕೇಳಬೇಕು?"

"ಸರಿ. ನಮ್ಮ ಬಾಲಕೃಷ್ಣ ಈಗ ಅದೇ ಸೇತುವೆ ಮೇಲಿದ್ದಾರೆ. ನಿಮ್ಮದೇ ಕಂಪನಿಯ ಸಿಮ್. ಈ ಫೋನಲ್ಲೇ ಇದ್ದಾರೆ."

ಮೇಡಂ ಮುಂದುವರಿಸಿದರು.

"ನಡುವೆ ಬಂದಾಗ ಕಡಿದರೆ ನಾನು ನಿಮ್ಮ ಕ್ಷಮೆ ಕೇಳಿ ಎದ್ದು ಹೋಗ್ತೀನಿ. ಕಡಿಯದೇ ಇದ್ದರೆ?"

"ಕಡಿಯದ ಇದ್ರ... ನೋಡೂಣಂತ."

ಅಲ್ಲಿಗೆ ಎಲ್ಲವೂ ನನ್ನ ಕಾಲುಗಳ ಮೇಲೆ ಬಂತು.

ಈ ಊಹೆ ಮೇಡಂಗೆ ಬಂದದ್ದು ಒಂದು ಸಣ್ಣ ಸಂಗತಿಯಿಂದ. ಫೋನು ಯಾವ ಟವರಿಗೆ ಸೇರಿಕೊಂಡಿದೆ ಎಂದು ತೋರಿಸುವ ಒಂದು ಆ್ಯಪ್ ಅವರ ಬಳಿ ಇದೆ. ಊರಿನಲ್ಲಿ ಸ್ವಲ್ಪ ದೂರ ಹೋದರೆ ಸಾಕು, ಅದರಲ್ಲಿನ ಸಂಖ್ಯೆ ಬದಲಾಗುತ್ತದೆ. ಹೋದ ವಾರ ರಿಕ್ಷಾದಲ್ಲಿ ವರಾಛಾದಿಂದ ಸೇತುವೆ ದಾಟಿ ಮೋಟಾ ವರಾಛಾಕ್ಕೆ ಹೋಗುವಾಗ ಅವರು ಅದನ್ನೇ ನೋಡುತ್ತಿದ್ದರು. ಸಂಖ್ಯೆ ಬದಲಾಗಲೇ ಇಲ್ಲ. ನದಿ ದಾಟಿದರೂ ಬದಲಾಗಲಿಲ್ಲ. "ಇಷ್ಟು ದೊಡ್ಡ ನದಿಗೆ ಒಂದೇ ಟವರಾ?" ಎಂದು ಗೊಣಗಿಕೊಂಡಿದ್ದರು. ಆ್ಯಪ್ ಕೆಟ್ಟಿರಬೇಕು ಎಂದವನು ನಾನು.

ಈಗ ಅದೇ ಆ್ಯಪ್ ನನ್ನ ಫೋನಿನಲ್ಲಿತ್ತು.

ನಡೆಯುತ್ತಾ ನನಗೆ ಬಂದ ಯೋಚನೆಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಚಾರ್ಜು ಮುಗಿದರೆ? ಬೆವರಿದ ಹೆಬ್ಬೆರಳು ಕೆಂಪು ಗುಂಡಿಗೆ ತಾಗಿದರೆ? ನನ್ನ ಹೆಬ್ಬೆರಳಿನಿಂದಾಗಿ ಒಬ್ಬ ನಿರಪರಾಧಿ ಜೈಲು ಸೇರಿದ ಎಂದು ಆಮೇಲೆ ಯಾರಿಗೆ ಹೇಳಲಿ? ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿ, ನಾಲ್ಕೇ ಬೆರಳುಗಳಲ್ಲಿ ಫೋನು ಹಿಡಿದೆ.

ಸೀರೆಯ ಗಂಟುಗಳನ್ನು ಗೋಪುರದಂತೆ ಹೇರಿಕೊಂಡ ಸ್ಕೂಟರೊಂದು ರಾಯರನ್ನು ಸವರಿಕೊಂಡು ಹೋಯಿತು. "ಓ ಕಾಕಾ, ಸೈಡ್ ಮಾ ಚಾಲೋ ನೆ!" ಬದಿಗೆ ನಡೀರಿ ಚಿಕ್ಕಪ್ಪಾ ಎಂದು ಸವಾರ ಕೂಗಿದ.

"ಯಾರಿಗೋ ಕಾಕಾ? ನಿನ್ನ ಗಂಟಿಗಿಂತ ನಾನು ಗಟ್ಟಿ ಇದ್ದೇನೆ!" ರಾಯರು ಕನ್ನಡದಲ್ಲೇ ಬೈದರು. ನಂತರ ನನ್ನ ಮೊಣಕೈ ಹಿಡಿದರು. "ನಡು ಬಂತು ಮಾರಾಯ್ರೆ. ಇಲ್ಲಿಯೇ ಮೊದಲು ಕಡೀತಿದ್ದದ್ದು. ಸಾಂಬಾರು ಎಷ್ಟು ಬೇಕು ಅಂತ ಕೇಳಿದ್ರೆ 'ಸಾಂ' ಅನ್ನುದರಲ್ಲಿ ಹೋಗ್ತಿತ್ತು."

ಎರಡೂ ದಡ ಸಮದೂರದಲ್ಲಿ ಕಂಡವು. ಕೆಳಗೆ ತಾಪಿಯ ಬೂದುಬಣ್ಣದ ನೀರು.

ಫೋನಿನಲ್ಲಿ ಸದ್ದಿಲ್ಲ.

ಕಡಿದೇ ಹೋಯಿತು. ಮೇಡಂ ಎದ್ದು ಕ್ಷಮೆ ಕೇಳುತ್ತಿರಬೇಕು. ಗೋಹಿಲ್ ಟೋಪಿ ಎತ್ತಿಕೊಳ್ಳುತ್ತಿರಬೇಕು.

"ಬಾಲಕೃಷ್ಣ, ಎಲ್ಲಿದ್ದೀರಿ?"

ಆ ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ರಾಯರು ಹಿಂತಿರುಗಿ ನೋಡಿದರು.

"ನಟ್ಟನಡುವೆ ಮೇಡಂ!"

"ಟವರ್ ಸಂಖ್ಯೆ?"

"ಹೊರಟಾಗ ಇದ್ದದ್ದೇ."

"ಇನ್ನೂ ನಡೀರಿ."

ನಡೆದೆ. ನಡೆದೆ ಅನ್ನುವುದಕ್ಕಿಂತ ಓಡಿದೆ. ರಾಯರು ಪಂಚೆ ಎತ್ತಿ ಹಿಡಿದು ಹಿಂದೆಯೇ ಬಂದರು. ಸೇತುವೆ ಇಳಿದು, ಮೋಟಾ ವರಾಛಾದ ಕಬ್ಬಿನ ಗಾಣದ ಪಕ್ಕ ನಿಂತು, ಪರದೆ ನೋಡಿ ಕೂಗಿದೆ. "ಅದೇ ಸಂಖ್ಯೆ ಮೇಡಂ! ಒಂದಂಕಿಯೂ ಬದಲಾಗಿಲ್ಲ! ಕರೆಯೂ ಕಡಿಯಲಿಲ್ಲ!"

ಗಾಣದವನು ತಿರುಗಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

ಮೇಡಂ ಈಗ ಗುಡುಗುತ್ತಾರೆ ಎಂದುಕೊಂಡಿದ್ದೆ. ಸುಳ್ಳು ಹೇಳಿದವನು ಸಿಕ್ಕಿಬಿದ್ದಿದ್ದ. ಸಿದ್ದಲಿಂಗಪ್ಪನವರು ಯಾರ ಬಳಿಯೋ ಲಂಚ ತಿಂದಿರಬೇಕು ಎಂದೇ ನಾನು ಎಣಿಸಿದ್ದೆ. ಆದರೆ ಮೇಡಂ ಕೇಳಿದ್ದು ಬೇರೆ.

"ಸಿದ್ದಲಿಂಗಪ್ಪನವರೇ, ಮೊದಲೆಲ್ಲ ಆ ಸೇತುವೆ ಮೇಲೆ ಯಾರಿಗೂ ಒಂದು ಮಾತು ಮುಗಿಸೋಕಾಗ್ತಿರಲಿಲ್ಲ. ಈಗ ನೋಡಿ, ಈ ಮನುಷ್ಯ ಓಡ್ತಾ ಓಡ್ತಾ ಮಾತಾಡಿದ್ರು, ಒಂದು ಅಕ್ಷರ ಬಿಟ್ಟುಹೋಗಲಿಲ್ಲ. ಇದು ನಿಮ್ಮ ಕೆಲಸ. ಯಾರಾದ್ರೂ ನಿಮಗೆ ಶಾಭಾಷ್ ಅಂದಿದ್ದಾರಾ?"



"ಯಾರೂ ಅಂದಿಲ್ರಿ," ಎಂದರು ಅವರು. ದನಿ ಒಡೆದಿತ್ತು. "ಕಡಿದ್ರ ಬೈತಾರ. ಕಡಿಯದಿದ್ರ ಯಾರಿಗೆ ಗೊತ್ತಾಗ್ತೈತಿ?"

"ನನಗೆ ಗೊತ್ತಾಯ್ತು. ಈಗ ಹೇಳಿ, ಹೇಗೆ ಮಾಡಿದ್ರಿ?"

ಕಟ್ಟೆ ಒಡೆದಂತೆ ಮಾತು ಬಂತು. "ಮೊದಲು ಒಂದೊಂದು ಟವರ್ ತನ್ನ ಪಾಡಿಗೆ ತಾನು ಒದರತಿತ್ರಿ. ನಡುವ ನಿಂತಾವ್ಗ ಎರಡೂ ಕೂಗು ಕೂಡಿ ಗದ್ದಲ. ಈಗ ಈ ದಂಡಿ, ಆ ದಂಡಿ, ಸೇತುವಿ ಬಾಯಾಗಿನ ಸಣ್ಣ ಕಂಬಗೋಳು, ಎಲ್ಲಾಕ್ಕೂ ಒಂದ ತಲಿ ಕೊಟ್ಟೇವಿ. ಎಲ್ಲಾ ಒಂದ ಗಡಿಯಾರ ನೋಡ್ತಾವ. ಯಾರು ಕೊಡಬೇಕು, ಯಾರು ಬಾಯಿ ಮುಚ್ಕೊಂಡಿರಬೇಕು, ಎಲ್ಲಾರೂ ಕೂಡಿ ಯಾವಾಗ ಕೊಡಬೇಕು, ಮೊದಲ ಮಾತಾಡ್ಕೊಂಡಿರ್ತಾವ್ರಿ."

"ಅಯ್ಯೋ, ಇದು ನಮ್ಮ ಪಂಕ್ತಿಯಲ್ಲಿ ಬಡಿಸಿದ ಹಾಗೆಯೇ ಅಲ್ವಾ!" ರಾಯರು ನನ್ನ ಫೋನಿನತ್ತ ಬಗ್ಗಿ ನಡುವೆ ಬಾಯಿ ಹಾಕಿದರು. "ಮೂರು ಜನ ಬಡಿಸುವವರು ಒಂದೇ ಎಲೆಗೆ ಒಟ್ಟಿಗೆ ಸಾರು ಹೊಯ್ದರೆ ಉಂಬವನ ಮಡಿಲಿಗೆ ಬೀಳ್ತದೆ. ಮಾತಾಡಿಕೊಂಡು ಬಡಿಸಿದರೆ ಕೊನೇ ಎಲೆಗೂ ಬಿಸಿ ಅನ್ನ."

"ಭಾಳ ಛಲೋ ಹೇಳಿದ್ರಿ!" ಸಿದ್ದಲಿಂಗಪ್ಪನವರು ನಕ್ಕೇಬಿಟ್ಟರು. "ಅಂಚಿನಾಗ ಕುಂತಾವಗ ನಾವು ಅನ್ನ ಮುಟ್ಟಿಸೇವ್ರಿ."

"ಎಲ್ಲಾ ಟವರಿಗೂ ಒಂದೇ ಸಂಖ್ಯೆ?" ಮೇಡಂ ಮೆಲ್ಲಗೆ ಕೇಳಿದರು.

"ಒಂದ. ಇಡೀ ಗುಂಪು ಫೋನಿಗೆ ಒಂದ ಟವರ್ ಕಂಡಂಗ ಕಾಣ್ತೈತಿ."

"ಆ ಸಂಖ್ಯೆಗೆ ನಿಮ್ಮ ಪಟ್ಟಿಯಲ್ಲಿ ಯಾವ ವಿಳಾಸ ಇದೆ?"

ನಗು ನಿಂತಿತು.

"ಹಳೇದ," ಎಂದರು ಅವರು. "ವರಾಛಾದ ಮೊದಲನೇ ಟವರಿಂದು. ಗುಂಪು ಮಾಡಿದ ಮ್ಯಾಲ ಬದಲ್ಸಬೇಕಿತ್ತು. ಬದಲ್ಸಲಿಲ್ಲ."

"ಪ್ರಜ್ವಲ್ ವಿರುದ್ಧ ಪೊಲೀಸರಿಗೆ ಹೋದ ವರದಿ? ಅದರ ಕೆಳಗಿನ ಸಹಿ?"

"ನಂದರಿ."

ಆಗ ನನ್ನ ಮಂದ ತಲೆಗೂ ಹೊಳೆಯಿತು. ನಾನು ನಿಂತಿದ್ದುದು ನದಿಯ ಆಚೆ ದಡದಲ್ಲಿ, ಪ್ರಜ್ವಲ್ ತಾನಿದ್ದೆ ಎಂದು ಹೇಳಿದ ಅದೇ ಗಾಣದ ಬಳಿ. ಆದರೆ ಯಾರಾದರೂ ಈಗ ನನ್ನ ಫೋನಿನ ವರದಿ ತರಿಸಿದರೆ ನಾನು ವರಾಛಾದಲ್ಲಿದ್ದೆ ಎಂದೇ ಬರುತ್ತದೆ! ಟವರು ಸುಳ್ಳು ಹೇಳಿರಲಿಲ್ಲ. ಮೂರು ಅಂಗಡಿಗಳ ಗಿರಾಕಿಗಳಿಗೆ ಒಂದೇ ಅಂಗಡಿಯ ಹೆಸರಿನಲ್ಲಿ ರಸೀತಿ ಹರಿದುಕೊಟ್ಟ ಹಾಗಾಗಿತ್ತು.

ಇನ್‌ಸ್ಪೆಕ್ಟರ್ ಗೋಹಿಲ್ ಮೊದಲ ಬಾರಿಗೆ ಬಾಯಿಬಿಟ್ಟರು. ಮೇಡಂ ಅವರಿಗೆ ಒಂದೊಂದು ಮಾತನ್ನೂ ಹಿಂದಿಯಲ್ಲಿ ತಿಳಿಸುತ್ತಿದ್ದರು. "ಬೆನ್, ಯೇ ಸಬ್ ಠೀಕ್ ಹೈ. ಲಡ್ಕಾ ಉಸ್ ಪಾರ್ ಹೋ ಸಕ್ತಾ ಹೈ. ಲೇಕಿನ್ ಥಾ ಕ್ಯಾ?"

ಆಚೆ ದಡದಲ್ಲಿ ಇದ್ದಿರಬಹುದು ಸರಿ, ಇದ್ದನೇ? ಅವರ ಪ್ರಶ್ನೆ ನ್ಯಾಯವಾದದ್ದೇ. ನನ್ನ ಸಂತೋಷ ಅರ್ಧಕ್ಕೆ ಇಳಿಯಿತು.

"ಯಾವ ಕಂಬ ಯಾವ ಫೋನಿಗೆ ಎಷ್ಟು ಬಲ ಕೊಟ್ಟಿತು ಅನ್ನೋದು ನಿಮ್ಮ ಯಂತ್ರಕ್ಕೆ ಗೊತ್ತಿರಲೇಬೇಕು," ಮೇಡಂ ಸಿದ್ದಲಿಂಗಪ್ಪನವರಿಗೆ ಹೇಳಿದರು. "ಅದು ಗೊತ್ತಿಲ್ಲದೆ ಹಂಚಿಕೊಂಡು ಬಡಿಸೋದು ಹೇಗೆ? ಅಂಥ ಮಾಹಿತಿಯೇ ಇಲ್ಲ ಅಂತ ನೀವು ನನಗೆ ಹೇಳಿದ್ರಿ."

"ಹೇಳಿದ್ದೆ."

"ಅಳಿಸಿದ್ದೀರಾ?"

"ಹೊರಗ ತೆಗದು ತೋರಿಸಿದ್ರ ನನ್ನ ನೌಕರಿ ಹೋಗ್ತೈತ್ರಿ ಮೇಡಂ. ಹೆಣ್ಮಗಳ ಕಾಲೇಜು ಇನ್ನೂ ಮುಗಿದಿಲ್ಲ."

"ತೋರಿಸದಿದ್ರೆ ಆ ಹುಡುಗನ ಬದುಕು ಹೋಗುತ್ತೆ. ನಿಮ್ಮ ಸಹಿಯಿಂದ."

ಸೇತುವೆಯ ಕಡೆಯಿಂದ ಲಾರಿಯೊಂದು ಹಾರನ್ ಹೊಡೆಯುತ್ತಾ ಬಂತು. ನಾನು ಫೋನನ್ನು ಎದೆಗೆ ಒತ್ತಿಕೊಂಡೆ. ಮತ್ತೆ ಎತ್ತಿ ಹಿಡಿದಾಗ ಕುರ್ಚಿ ಸರಿದ ಸದ್ದು, ಕೀಲಿಮಣೆಯ ಟಕಟಕ.

"ನನ್ನ ಕೈಯಾರೆ ಕಟ್ಟಿದ್ದನ್ನ ಹೆಂಗ ಅಳಸ್ಲಿರಿ?" ಸಿದ್ದಲಿಂಗಪ್ಪನವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. "ಎಲ್ಲಾ ಐತಿ. ಇನ್‌ಸ್ಪೆಕ್ಟರ್ ಸಾಹೇಬ್ರ ಕೇಳ್ಯಾರಂದ ಮ್ಯಾಲ ತೋರಸ್ತೀನಿ. ಆ ದಿನ... ಆ ಕರೆ... ಇಕಾ."

ರಾಯರು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ವರಾಛಾ ದಂಡಿ ಟವರ್, ಏನೂ ಕೊಟ್ಟಿಲ್ಲ. ಸೇತುವಿ ಕಂಬ, ಏನೂ ಇಲ್ಲ. ಆ ದಂಡಿ ಕಂಬ, ಪೂರಾ." ಅವರ ದನಿ ಏರಿತು. "ಪೂರಾ ಆ ದಂಡಿನ ಐತ್ರಿ! ಹುಡುಗ ಅಲ್ಲೇ ನಿಂತಿದ್ದ. ಅವ ಹೇಳಿದ್ದು ಖರೇ!"

ನಾನು ಏನು ಕೂಗಿದೆನೋ ನೆನಪಿಲ್ಲ. ಏನೋ ಕೂಗಿದೆ. ರಾಯರು ನನ್ನನ್ನು ತಬ್ಬಿಕೊಂಡರು, ಬಿಟ್ಟರು, ಗಾಣದವನನ್ನೂ ತಬ್ಬಿಕೊಂಡರು. ಅವನಿಗೆ ಏನೂ ಅರ್ಥವಾಗದಿದ್ದರೂ ನಕ್ಕು, ಅವರ ಬೆನ್ನು ತಟ್ಟಿದ. "ಎಲ್ಲರಿಗೂ ಹಾಲು ಕೊಡೋ, ರಸ್ತೆಯಲ್ಲಿ ಹೋಗುವವರಿಗೂ ಕೊಡು!" ಎಂದು ರಾಯರು ಕನ್ನಡ, ಹಿಂದಿ, ಗುಜರಾತಿ ಮೂರನ್ನೂ ಕಲಸಿ ಹೇಳುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಫೋನಿನಲ್ಲಿ ಗೋಹಿಲ್ ಅವರ ಗಟ್ಟಿ ದನಿ. "ಲಿಖ್ ಕೆ ದೀಜಿಯೇ, ಸಾಹಬ್. ಕಲ್ ಮೈಂ ವಿರೋಧ್ ನಹೀಂ ಕರೂಂಗಾ. ಲಡ್ಕಾ ಘರ್ ಜಾಯೇಗಾ." ನಾಳೆ ಅವರು ಜಾಮೀನನ್ನು ವಿರೋಧಿಸುವುದಿಲ್ಲ, ಹುಡುಗ ಮನೆ ಸೇರುತ್ತಾನೆ!

"ಬರದು ಕೊಡ್ತೀನಿ," ಎಂದರು ಸಿದ್ದಲಿಂಗಪ್ಪನವರು. "ನನ್ನ ಹೆಸರ ಹಾಕಿ ಕೊಡ್ತೀನಿ. ತಪ್ಪು ನಂದು ಅಂತನೂ ಬರೀತೀನಿ. ಕೆಲಸಾನೂ ನಂದು ಅಂತ ಬರೀತೀನಿ."

ಆ ಮಾತು ಕೇಳಿ, ಅವರು ಲಂಚ ತಿಂದಿದ್ದಾರೆಂದು ಎಣಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಗೋಹಿಲ್ ಸರ್ಕಾರಿ ವಕೀಲರಿಗೆ ವಿಷಯ ತಿಳಿಸಲು ಹೊರಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ನಾನು ಕಬ್ಬಿನ ಹಾಲಿನ ಲೋಟ ತುಟಿಗಿಟ್ಟೆ. ಸಿದ್ದಲಿಂಗಪ್ಪನವರು ಉತ್ಸಾಹದಲ್ಲಿ ಇನ್ನೂ ಏನನ್ನೋ ತೋರಿಸುತ್ತಿದ್ದರು.

"ಮೇಡಂ, ಇಲ್ಲೊಂದು ಮಜಾ ನೋಡ್ರಿ. ಈ ಕರೆಯ ಇನ್ನೊಂದು ತುದಿನೂ—"

ಮಾತು ನಿಂತಿತು. ಮೇಡಂ ಕೈಯೆತ್ತಿ ತಡೆದಿರಬೇಕು.

"ಬಾಲಕೃಷ್ಣ. ಸ್ಪೀಕರ್ ಆಫ್ ಮಾಡಿ. ಫೋನ್ ಕಿವಿಗಿಟ್ಟುಕೊಳ್ಳಿ."

ಹಾಗೆಯೇ ಮಾಡಿದೆ.

"ಹೌದು, ಇಲ್ಲ, ಅಷ್ಟೇ ಹೇಳಿ. ರಾಯರು ಹತ್ತಿರ ಇದ್ದಾರಾ?"

"ಹೌದು."

"ಪ್ರಜ್ವಲ್‌ಗೆ ಫೋನ್ ಮಾಡಿದಾಗ ತಾನು ಅಡಾಜಣ್‌ನಲ್ಲಿ, ಹೋಟೆಲ್ ಗಲ್ಲಾದಲ್ಲೇ ಕೂತಿದ್ದೆ ಅಂತ ಅವರು ನಮಗೆ ಹೇಳಿದ್ರು. ಅಲ್ವಾ?"

"ಹೌದು."

"ಅಡಾಜಣ್‌ನಲ್ಲಿ ಈ ಗುಂಪಿನ ಒಂದೇ ಒಂದು ಕಂಬವೂ ಇಲ್ಲ." ಮೇಡಂ ದನಿ ತಗ್ಗಿಸಿದರು. "ಕರೆಯ ಎರಡೂ ತುದಿ ಈ ಗುಂಪಿನೊಳಗೇ ಇವೆ. ತೆಗೆದುಕೊಂಡ ಪ್ರಜ್ವಲ್ ಆಚೆ ದಡದಲ್ಲಿ. ಕರೆ ಮಾಡಿದ ರಾಯರ ಫೋನು ವರಾಛಾದಲ್ಲಿ. ಕಾರ್ಖಾನೆ ಇರೋ ಗಲ್ಲಿಯ ಕಂಬದ ಕೆಳಗೆ."

ನಾನು ಲೋಟವನ್ನು ಕೆಳಗಿಟ್ಟೆ.

"ಗೋಹಿಲ್ ಒಳಗೆ ಬಂದ ತಕ್ಷಣ ಹೇಳ್ತೀನಿ. ಮುಚ್ಚಿಡೋಕೆ ನಮಗೆ ಹಕ್ಕಿಲ್ಲ. ಅಲ್ಲಿವರೆಗೂ ಅವರನ್ನ ಒಬ್ಬರೇ ಹೋಗೋಕೆ ಬಿಡಬೇಡಿ."

ರಾಯರು ತುಂಬಿದ ಇನ್ನೊಂದು ಲೋಟ ಹಿಡಿದು ನನ್ನ ಮುಂದೆ ನಿಂತಿದ್ದರು. ಮುಖ ಇನ್ನೂ ಒದ್ದೆಯಾಗಿತ್ತು.

"ಎಂತ ಹೇಳಿದ್ರು ಮಾರಾಯ್ರೆ? ಪ್ರಜ್ಜು ಬರ್ತಾನಲ್ಲ ನಾಳೆ?"

"ಬರ್ತಾನೆ ರಾಯರೇ," ಎಂದೆ. ಅದು ನಿಜವಾಗಿತ್ತು.

"ಹಾಗಾದ್ರೆ ನಾನು ಹೊರಡ್ತೇನೆ. ಮನೆಯಲ್ಲಿ ಅವನ ಅಮ್ಮ ಸರಸ್ವತಿಗೆ ಹೇಳ್ಬೇಕು."

"ಒಟ್ಟಿಗೇ ಹೋಗೋಣ," ಎಂದು ನಾನು ಅವರ ಕೈ ಹಿಡಿದುಕೊಂಡೆ. ಅವರು ಅದನ್ನು ಪ್ರೀತಿಯೆಂದು ತಿಳಿದರು.

ಪ್ರಜ್ವಲ್ ಕಳ್ಳನಲ್ಲ. ಇದಿಷ್ಟು ಗೊತ್ತು, ಇದನ್ನು ಇನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗಣಪತಿ ರಾಯರು ಆ ಹೊತ್ತಿನಲ್ಲಿ ಆ ಗಲ್ಲಿಯಲ್ಲಿ ಏಕಿದ್ದರು ಎಂಬುದು ಗೊತ್ತಿಲ್ಲ. ಕಾರ್ಖಾನೆಯ ಒಳಗೆ ಹೋದರೋ ಇಲ್ಲವೋ, ಗೊತ್ತಿಲ್ಲ. ಪೊಟ್ಟಣ ಎಲ್ಲಿದೆ, ಗೊತ್ತಿಲ್ಲ. ಅಳಿಯನನ್ನು ಬಿಡಿಸಿಕೊಡಿ ಎಂದು ಅವರು ಅಹಮದಾಬಾದಿಗೆ ಬಂದು ಬೇಡಿಕೊಳ್ಳದೆ ಇದ್ದಿದ್ದರೆ ಆ ಕರೆಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಹಾಗಿದ್ದೂ ಏಕೆ ಬಂದರು? ಅದಂತೂ ನನಗೆ ಒಂದಿಷ್ಟೂ ಗೊತ್ತಿಲ್ಲ.